ಬಚ್ಚಲುಮನೆಯ ಹೆಸರುಹಿಟ್ಟು

ಡಿಸೆಂಬರ್ ಸಂಜೆ. ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ದಿನದ ಕೊಯ್ಲು ಮುಗಿದು ಹಣ್ಣು ತೂಗುವ ಹೊತ್ತು. ಚೀಲಗಳನ್ನು ಕಣದ ಬದಿಗೆ ಹೊತ್ತು ತಂದ ಹೆಂಗಸರು ಸಾಲಾಗಿ ಕೂತಿದ್ದಾರೆ. ಸೀರೆಯ ಮೇಲೆ ಗಂಡಸರ ಹಳೇ ತುಂಬುತೋಳಿನ ಅಂಗಿ, ತಲೆಗೆ ಬಿಗಿದ ಟವೆಲ್ಲು. ರೈಟರು ಒಬ್ಬೊಬ್ಬರ ಕೆಜಿ ಬರೆದುಕೊಳ್ಳುತ್ತಿದ್ದಾರೆ. ಕಾಲೇಜಿಗೆ ರಜೆ ಅಂತ ಅಮ್ಮನ ಜೊತೆ ಬಂದ ಹುಡುಗಿಯೊಬ್ಬಳು ಟವೆಲ್ಲು ಬಿಚ್ಚುತ್ತಾಳೆ. ಅದರ ಅಂಚು ಒತ್ತಿದಲ್ಲಿ ಹಣೆಗೆ ಅಡ್ಡಲಾಗಿ ಒಂದು ಕೆಂಪು ಗೆರೆ, ಗೆರೆಯ ಉದ್ದಕ್ಕೂ ಸಣ್ಣ ಸಣ್ಣ ಮೊಡವೆ. ಕೆನ್ನೆಯ ಮೇಲೆ ಚಗಳಿ ಇರುವೆ ಕಚ್ಚಿದ ಗುರುತು. ಬೆರಳಿಗೆ ಕಾಫಿಹಣ್ಣಿನ ಸಿಹಿ ಅಂಟು. ಆ ಬೆರಳಲ್ಲೇ ಮೊಡವೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾಳೆ.

"ಮುಟ್ಬೇಡ ಅಂತ ಎಷ್ಟ್ ಸಲ ಹೇಳದು ಮಗಾ" ಎಂದು ಅಮ್ಮ ಕೂತಲ್ಲಿಂದಲೇ ಗದರುತ್ತಾಳೆ.

ಮನೆ ಮುಟ್ಟಿದ ಕೂಡಲೇ ಹುಡುಗಿ ಬಚ್ಚಲಿಗೆ ಓಡುತ್ತಾಳೆ. ಕೈಗೆ ಸಿಕ್ಕ ಸೋಪು ಹಿಡಿದು ಮುಖಕ್ಕೆ ಗಸಗಸ ತಿಕ್ಕುತ್ತಾಳೆ. ಒಂದು ಸಲ ಸಾಲದೆಂದು ಮತ್ತೊಂದು ಸಲ. ಮುಖ ಬಿಗಿದುಕೊಂಡು ಚುರುಚುರು ಎಂದರೆ ಶುದ್ಧವಾಯಿತು ಎಂಬ ಲೆಕ್ಕ. ಮೊಡವೆ ಎಂದರೆ ಕೊಳೆ, ಉಜ್ಜಿದರೆ ಹೋಗುತ್ತದೆ ಎಂದು ನಂಬಿದವರು ಘಟ್ಟದ ಮೇಲೂ ಕೆಳಗೂ ಬಹಳ ಜನ ಇದ್ದಾರೆ.

ಮೊಡವೆ ಕೊಳೆಯಿಂದ ಹುಟ್ಟುವುದಲ್ಲ. ಹರೆಯದಲ್ಲಿ ಹಾರ್ಮೋನುಗಳು ಏರಿದಾಗ ಚರ್ಮದಡಿಯ ಗ್ರಂಥಿಗಳು ಹೆಚ್ಚು ಜಿಡ್ಡು ಒಸರುತ್ತವೆ. ಕೂದಲು ಹೊರಡುವ ರಂಧ್ರದ ಬಾಯಲ್ಲಿ ಸತ್ತ ಚರ್ಮದ ಪೊರೆ ಆ ಜಿಡ್ಡಿಗೆ ಅಂಟಿ ಬಿರಡೆ ಬೀಳುತ್ತದೆ. ಎಲ್ಲರ ಚರ್ಮದ ಮೇಲೂ ಇರುವ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಒಳಗೆ ಸಿಕ್ಕಿಕೊಂಡ ಜಿಡ್ಡಿನಲ್ಲಿ ಬೆಳೆಯುತ್ತದೆ. ಸುತ್ತಲೂ ಕೆಂಪೇರಿ ಊದುತ್ತದೆ, ಕೆಲವು ಕೀವು ತುಂಬುತ್ತವೆ. ಬೆವರಿದ ಹಣೆಯ ಮೇಲೆ ಬಿಗಿಯಾದ ಬಟ್ಟೆ ಇಡೀ ದಿನ ಒತ್ತಿ ಉಜ್ಜುತ್ತಿದ್ದರೆ ಆ ಕೆರಳಿಕೆ ಇನ್ನೂ ಹೆಚ್ಚು. ಹೀಗೆ ಕೆರಳಿದ ಜಾಗವನ್ನು ಮನೆಗೆ ಬಂದು ಮತ್ತೆ ತಿಕ್ಕಿದರೆ ಅದು ಶಮನವಾಗುವುದಾದರೂ ಹೇಗೆ?

ಸೋಪಿನದು ಬೇರೆ ಕಥೆ. ನಮ್ಮ ಚರ್ಮದ ಮೇಲ್ಮೈ ತುಸು ಹುಳಿ, ಪಿಎಚ್ ಲೆಕ್ಕದಲ್ಲಿ 5ರ ಆಸುಪಾಸು. ಸ್ನಾನದ ಸಾಬೂನು ಸಾಮಾನ್ಯವಾಗಿ 9ರಿಂದ 10ರ ಕ್ಷಾರ. ದಿನಕ್ಕೆ ನಾಲ್ಕು ಸಲ ಸೋಪು ಹಾಕಿದರೆ ಮೇಲಿನ ರಕ್ಷಣೆಯ ಪದರ ಸಡಿಲವಾಗಿ ಚರ್ಮ ಒಣಗುತ್ತದೆ, ಉರಿಯುತ್ತದೆ. ಒಳಗಿನ ಜಿಡ್ಡು ಒಸರುವುದು ಮಾತ್ರ ನಿಲ್ಲುವುದಿಲ್ಲ. ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ಸೇರಿಕೊಳ್ಳುತ್ತದೆ. ಇಲ್ಲಿಯದು ಗುಡ್ಡದ ಮೇಲಿಂದ ಪೈಪಿನಲ್ಲಿ ಹಗಲೂ ರಾತ್ರಿ ಇಳಿಯುವ ಅಬ್ಬಿ ನೀರು. ಗಡಸಿಲ್ಲದ ಮೆದು ನೀರು. ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆಯೇ ಬರದೆ ಗಷ್ಟಾಗಿ ಕೂರುತ್ತದೆ. ಇಲ್ಲಿ ಚೂರು ಸೋಪಿಗೆ ಬುರುಬುರು ನೊರೆ, ಎಷ್ಟು ತೊಳೆದರೂ ಮುಖದ ಮೇಲೆ ಜಾರುಜಾರು. ಹಾಗಾಗಿ ಈ ನೀರಿಗೆ ಸೋಪು ಕಡಿಮೆಯೇ ಸಾಕು, ಮುಖಕ್ಕಂತೂ ಬೇಡವೆಂದರೂ ನಡೆಯುತ್ತದೆ.

ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಶುರುವಾದದ್ದು 1910ರ ದಶಕದಲ್ಲಿ. ಅದಕ್ಕೂ ಮೊದಲು ಜನ ಮುಖ ತೊಳೆಯುತ್ತಿರಲಿಲ್ಲವೇ? ಮಲೆನಾಡಿನ ಹಳೇ ಮನೆಗಳ ಅಡುಗೆಮನೆಗೆ ಹೋಗಿ ತಲೆಯೆತ್ತಿ ನೋಡಿ. ಒಲೆಯ ನೇರ ಮೇಲೆ ಹೊಗೆಯಲ್ಲಿ ಕರಿಹಿಡಿದ ಅಟ್ಟ. ಅಲ್ಲಿ ಸೀಗೆಕಾಯಿ, ಅಂಟುವಾಳ, ಒಣಮೆಣಸು, ಬಿತ್ತನೆಗೆ ಎತ್ತಿಟ್ಟ ಕಾಳು. ಸೀಗೆ ತಲೆಗೆ. ಅಂಟುವಾಳ ರೇಷ್ಮೆ ಸೀರೆಗೆ, ಚಿನ್ನ ಬೆಳ್ಳಿಗೆ. ದಾಸವಾಳದ ಸೊಪ್ಪನ್ನು ಹಿಸುಕಿದರೆ ಬರುವ ಗೊಂಪು ಕೂದಲಿಗೆ. ಅಟ್ಟದಿಂದ ಇಳಿದು ಒಲೆಯ ಪಕ್ಕದ ಗೂಡಿನಲ್ಲಿ, ಮುಚ್ಚಳ ಬಿಗಿಯಾದ ಸಣ್ಣ ಡಬ್ಬಿಯಲ್ಲಿರುವುದು ಹೆಸರುಹಿಟ್ಟು. ಅದು ಮುಖಕ್ಕೆ, ಎಳೆ ಮಗುವಿನ ಮೈಗೆ, ಬಾಣಂತಿಗೆ.

ಹುಡುಗಿ ಮುಖ ತಿಕ್ಕುವ ಸದ್ದು ಕೇಳಿ ಅವಳ ಅಜ್ಜಿ ಆ ಡಬ್ಬಿ ಹಿಡಿದೇ ಬಚ್ಚಲಿಗೆ ಬರುತ್ತಾರೆ. ಹಂಡೆ ಒಲೆಯಲ್ಲಿ ಸವರಿದ ಕಾಫಿಗಿಡದ ಕಡ್ಡಿಗಳು ಚಿಟಪಟ ಉರಿಯುತ್ತಿವೆ. ಹೊಗೆ ಹೆಂಚಿನ ಸಂದಿಯಲ್ಲಿ ನುಸುಳಿ ತೋಟದ ಕಡೆ ಹೋಗುತ್ತಿದೆ. ಅಜ್ಜಿ ಮೊದಲು ಮಾಡುವುದು ಹುಡುಗಿಯ ಕೈ ತೊಳೆಸುವುದು. ಅಂಟೆಲ್ಲ ಹೋದ ಮೇಲೆ ಅಂಗೈ ಕುಳಿಗೆ ಎರಡು ಚಮಚದಷ್ಟು ಹಿಟ್ಟು, ಅದರ ಮೇಲೆ ನೀರುಮಜ್ಜಿಗೆ ಸ್ವಲ್ಪ ಸ್ವಲ್ಪವೇ. ಮೊದಲು ಹಿಟ್ಟು ಉಂಡೆಗಟ್ಟುತ್ತದೆ. ಬೆರಳಲ್ಲಿ ಕಲಸುತ್ತ ಹೋದಂತೆ ಉಂಡೆ ಒಡೆದು ನೀರುದೋಸೆ ಹಿಟ್ಟಿಗಿಂತ ತುಸು ಗಟ್ಟಿ ಹದಕ್ಕೆ ಬರುತ್ತದೆ. ಹಸಿ ಹೆಸರಿನ ವಾಸನೆ ಏಳುತ್ತದೆ.

"ತಿಕ್ಬೇಡ, ಸವರು ಸಾಕು. ಮೂಗಿನ್ ಪಕ್ಕ, ಗಲ್ಲ, ಹಣೆ. ಒಣಗಕ್ ಬಿಡ್ಬೇಡ, ತೊಳ್ಕ."

ಒದ್ದೆ ಮುಖದ ಮೇಲೆ ಬೆರಳ ತುದಿಗಳು ಸುತ್ತು ಸುತ್ತಾಗಿ ಓಡುತ್ತವೆ. ಒಂದು ನಿಮಿಷವೂ ಆಗಿರುವುದಿಲ್ಲ, ಉಗುರುಬೆಚ್ಚಗಿನ ನೀರಲ್ಲಿ ಎರಡು ಮೂರು ಸಲ ತೊಳೆದಾಯಿತು. ಹಿಟ್ಟು ಜಿಡ್ಡನ್ನು ಹೀರಿಕೊಂಡು ನೀರಿನ ಜೊತೆ ಹೋಗುತ್ತದೆ. ಕಾಳಿನಲ್ಲಿ ಸ್ವಲ್ಪವೇ ಇರುವ ಸಪೋನಿನ್ ಎಂಬ ನೊರೆಗುಣದ ವಸ್ತು ಅದಕ್ಕೆ ಕೈ ಜೋಡಿಸುತ್ತದೆ. ಮಜ್ಜಿಗೆಯ ಲ್ಯಾಕ್ಟಿಕ್ ಆಮ್ಲದಿಂದ ಕ್ಷಾರದ ಪ್ರಶ್ನೆಯೇ ಬರುವುದಿಲ್ಲ. ತೊಳೆದ ಮುಖ ಬಿಗಿಯುವುದಿಲ್ಲ, ಚುರುಗುಟ್ಟುವುದಿಲ್ಲ. ಮೊಡವೆಯ ಮುಖಕ್ಕೆ ಬೇಕಾದದ್ದು ಇಷ್ಟೇ: ಜಿಡ್ಡು ಹೋಗಬೇಕು, ಚರ್ಮ ಕೆರಳಬಾರದು.

ಹಿಟ್ಟು ಮಾಡುವುದರಲ್ಲೇ ಅರ್ಧ ಗುಟ್ಟು ಇದೆ. ಹೆಸರುಕಾಳನ್ನು ಆರಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಗರಿಗರಿ ಒಣಗಿಸಬೇಕು. ಹುರಿಯುವುದು ಬೇಡ. ಮಿಕ್ಸಿಯಲ್ಲಾಗಲಿ ಬೀಸುವ ಕಲ್ಲಿನಲ್ಲಾಗಲಿ ನುಣ್ಣಗೆ ಮಾಡಿ ಜರಡಿ ಹಿಡಿದು ಬಿಟ್ಟರೆ ಸಾಲದು. ತೆಳು ಹಳೇ ಪಂಚೆಯ ತುಂಡನ್ನು ಪಾತ್ರೆಯ ಬಾಯಿಗೆ ಕಟ್ಟಿ ಅದರಲ್ಲಿ ವಸ್ತ್ರಗಾಳಿತ ಮಾಡಬೇಕು. ಬಟ್ಟೆಯ ಮೇಲೆ ಉಳಿದ ಹಸಿರು ತರಿಯನ್ನು ಬೆರಳಲ್ಲಿ ಒತ್ತಿ ನೋಡಿದರೆ ಕಾರಣ ಗೊತ್ತಾಗುತ್ತದೆ. ಆ ಸಿಪ್ಪೆಯ ಚೂರುಗಳಿಗೆ ಮೊನೆ ಇದೆ. ಕೀವು ಕಟ್ಟಿದ ಮೊಡವೆಯ ತೆಳು ಚರ್ಮ ಹರಿಯಲು ಅಷ್ಟು ಸಾಕು. ಕಡಲೆಹಿಟ್ಟಿನಲ್ಲೂ ಮಾಡಬಹುದು, ಅದು ಜಿಡ್ಡನ್ನು ಇನ್ನೂ ಜೋರಾಗಿ ಎಳೆಯುತ್ತದೆ. ಆದರೆ ಡಿಸೆಂಬರ್ ಜನವರಿಯ ಈ ಚಳಿಯಲ್ಲಿ, ಮೊದಲೇ ತುಟಿ ಕೆನ್ನೆ ಒಡೆದಿರುವಾಗ, ನನ್ನ ಓಟು ಹೆಸರುಹಿಟ್ಟಿಗೇ.

ಪುಸ್ತಕಗಳಲ್ಲಿ, ಜಾಹೀರಾತುಗಳಲ್ಲಿ ಮೊಡವೆ ಎಂದರೆ ಬೇವು. ಕಳಸದ ಕಡೆ ಬೇವಿನ ಮರ ಹುಡುಕಿ ನೋಡಿ, ಸುಲಭಕ್ಕೆ ಸಿಗುವುದಿಲ್ಲ. ಅದು ಒಣಭೂಮಿಯ ಮರ, ಭದ್ರಾ ತೀರದ ಈ ಮಳೆ ಅದಕ್ಕೆ ಒಗ್ಗದು. ನಮ್ಮದೇ ಜಿಲ್ಲೆಯ ಕಡೂರು ಕಡೆಗೆ ಇಳಿದರೆ ರಸ್ತೆ ಬದಿಯಲ್ಲೇ ಬೇವು ನೆರಳು ಕೊಡುತ್ತದೆ. ಬೇವಿಲ್ಲ ಎಂದು ಮಲೆನಾಡಿನವರು ಕೊರಗಬೇಕಾಗಿಲ್ಲ, ತೊಳೆಯುವ ಕೆಲಸಕ್ಕೆ ಅದು ಬೇಕೇಬೇಕು ಎಂದೇನಿಲ್ಲ. ಇಲ್ಲಿರುವುದು ಕಸ್ತೂರಿ ಅರಿಶಿನ. ಕೊಯ್ದರೆ ಕರ್ಪೂರದ ಘಮ, ಒಳಗಿನ ತಿರುಳು ಅಡುಗೆ ಅರಿಶಿನದಷ್ಟು ಹಳದಿಯಲ್ಲ, ತಿಳಿಯಾದ ಕೆನೆ ಬಣ್ಣ. ಪೇಟೆಯಲ್ಲಿ ಗಾಢ ಹಳದಿ ಪುಡಿಯನ್ನು ಕಸ್ತೂರಿ ಎಂದು ಕೊಟ್ಟರೆ ನಂಬಬೇಡಿ. ಎರಡು ಚಮಚ ಹಿಟ್ಟಿಗೆ ಇದು ಒಂದು ಚಿಟಿಕೆ, ಅದಕ್ಕಿಂತ ಹೆಚ್ಚು ಬೇಡ.

ಇನ್ನೊಂದು ಜೇನು. ತೇಜಸ್ವಿಯವರ 'ಕರ್ವಾಲೊ' ಕಾದಂಬರಿ ಓದಿದವರಿಗೆ ಮೂಡಿಗೆರೆ ಎಂದರೆ ಜೇನು ಸೊಸೈಟಿ ನೆನಪಾಗುತ್ತದೆ. ಕಾಫಿ ಹೂವಾದಾಗ ತೋಟದ ಪೆಟ್ಟಿಗೆಗಳಲ್ಲಿ ತುಡುವೆ ಜೇನು ಗುಂಯ್‌ಗುಡುತ್ತಿದ್ದ ಕಾಲ ಅದು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಲೆಕ್ಕವಿಲ್ಲದಷ್ಟು ಬಲಿ ತೆಗೆದುಕೊಂಡಿತು, ಪೆಟ್ಟಿಗೆಗಳು ಖಾಲಿಯಾದವು. ಮತ್ತೆ ಸಾಕಿದವರ ಮನೆಯಲ್ಲಿ ಈಗಲೂ ಒಳ್ಳೆ ಜೇನುತುಪ್ಪ ಸಿಗುತ್ತದೆ. ಬೆಂಕಿಗೆ ಇಡದ ಜೇನಿಗೆ ಬ್ಯಾಕ್ಟೀರಿಯಾ ತಡೆಯುವ ಗುಣವಿದೆ. ಅದರಲ್ಲಿ ನೀರಿನಂಶ ಕಡಿಮೆ, ನೀರು ಸೇರಿದಾಗ ಅದರೊಳಗಿನ ಕಿಣ್ವದಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಹಿಟ್ಟಿನ ಜೊತೆ ಅರ್ಧ ಚಮಚ ಕಲಸಿದರೆ ಚಳಿಗಾಲದಲ್ಲಿ ಮುಖ ಒಣಗದೆ ಮೆತ್ತಗಿರುತ್ತದೆ. ಜೇನಿಗೇ ಅಲರ್ಜಿ ಇರುವವರಿದ್ದಾರೆ. ಅದಕ್ಕೇ ಏನನ್ನೇ ಹಚ್ಚುವ ಮೊದಲೂ ಮೊಣಕೈಯ ಒಳಮಡಿಕೆಯಲ್ಲಿ ಸವರಿ ಒಂದು ದಿನ ಕಾದು ನೋಡಿ. ತುರಿಕೆ, ಕೆಂಪು ಏನಾದರೂ ಬಂದರೆ ಬಿಟ್ಟುಬಿಡಿ.

ಈಗ ಕಾಫಿಯ ಮಾತು, ಇದನ್ನು ಹೇಳಲೇಬೇಕು. ಪ್ರವಾಸಿಗರು ಹೆಚ್ಚಿದ ಮೇಲೆ ಕಾಫಿ ಸೋಪು, ಕಾಫಿ ಸ್ಕ್ರಬ್ ಎಂದು ಮಾರಾಟ ಜೋರಾಗಿದೆ. ಅದನ್ನು ನೋಡಿ ಮನೆಯಲ್ಲೂ ಡಿಕಾಕ್ಷನ್ ಇಳಿಸಿದ ಗಷ್ಟಿಗೆ ಸಕ್ಕರೆ ಬೆರೆಸಿ ಮುಖ ತಿಕ್ಕುವವರಿದ್ದಾರೆ. ಕಾಫಿಯಿಂದಲೇ ಬದುಕು ಕಟ್ಟಿಕೊಂಡ ಊರಿದು, ಇಲ್ಲಿ ನಿಂತು ಹೇಳುತ್ತೇನೆ: ಮೊಡವೆಯ ಮುಖಕ್ಕೆ ಕಾಫಿ ಗಷ್ಟು ಬೇಡ. ಹುರಿದು ಪುಡಿ ಮಾಡಿದ ಬೀಜದ ಕಣ ಗಟ್ಟಿ, ಒರಟು. ಊದಿದ ಮೊಡವೆಯ ಮೇಲೆ ಅದನ್ನು ಉಜ್ಜಿದರೆ ಒಡೆದು ಕೀವು ಹರಡುತ್ತದೆ, ಕಲೆ ನಿಲ್ಲುತ್ತದೆ. ಹಿಮ್ಮಡಿಗೆ ತಿಕ್ಕಿಕೊಳ್ಳಿ, ಅಡ್ಡಿಯಿಲ್ಲ. ನಿಂಬೆರಸವೂ ಬೇಡ. ಅದರ ಪಿಎಚ್ 2ರ ಹತ್ತಿರ, ಸುಡುತ್ತದೆ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಬೊಬ್ಬೆಯೆದ್ದು ಕಪ್ಪಾಗುವುದೂ ಉಂಟು. ಅಡುಗೆ ಸೋಡಾ, ಟೂತ್‌ಪೇಸ್ಟು ಇವುಗಳ ಸುದ್ದಿಯೇ ಬೇಡ. ಅಂಟುವಾಳದ ನೊರೆ ಕಣ್ಣಿಗೆ ಹೋದರೆ ಉರಿ ತಡೆಯಲಾಗದು, ಅದು ಸೀರೆಗೇ ಇರಲಿ.

ಕೊಬ್ಬರಿ ಎಣ್ಣೆಯ ಬಗ್ಗೆ ಹೇಳಿದರೆ ಅಜ್ಜಿಯಂದಿರಿಗೆ ಬೇಸರ. ಆದರೂ ನಿಜ. ತಲೆಗೆ ಹಾಕಿದ ಎಣ್ಣೆ ಇಳಿದು ಹಣೆಗೆ ಬಂದರೆ ರಂಧ್ರಗಳು ಕಟ್ಟಿಕೊಳ್ಳುತ್ತವೆ, ಕೂದಲಂಚಿನ ಮೊಡವೆಗೆ ಎಷ್ಟೋ ಸಲ ಇದೇ ಮೂಲ. ದೀಪಾವಳಿಯ ಎಣ್ಣೆ ಸ್ನಾನ ಮಾಡಿ, ಮುಖ ಬಿಟ್ಟು ಮಾಡಿ. ಚಳಿಗೆ ಮುಖ ಒಣಗಿದರೆ ಲೋಳೆಸರ ಸಾಕು. ಎಲೆ ಕೊಯ್ದ ಕೂಡಲೇ ಹಚ್ಚಬಾರದು. ಕೊಯ್ದ ಬುಡ ಕೆಳಗೆ ಮಾಡಿ ಲೋಟದಲ್ಲಿ ನಿಲ್ಲಿಸಿದರೆ ಹಳದಿ ಕಹಿರಸ ಇಳಿಯುತ್ತದೆ, ಚರ್ಮಕ್ಕೆ ತುರಿಕೆ ತರುವುದು ಆ ರಸ. ಅದು ಇಳಿದ ಮೇಲೆ ಸಿಪ್ಪೆ ಕೆತ್ತಿ ಒಳಗಿನ ತಿಳಿ ಲೋಳೆಯನ್ನಷ್ಟೇ ಸವರಬೇಕು.

ಇನ್ನು ಮಳೆಗಾಲ. ಜೂನಿನಲ್ಲಿ ಚಾರ್ಮಾಡಿಯ ಕಡೆಯಿಂದ ಮಳೆ ಹತ್ತಿತೆಂದರೆ ಕೊಟ್ಟಿಗೆಹಾರ, ಬಾಳೂರು, ಕಳಸ ಎಲ್ಲ ಕಡೆ ಗೋಡೆಯೂ ಬೆವರುತ್ತದೆ. ಚಪ್ಪಲಿಗೆ ಬೂಸ್ಟು, ಪುಸ್ತಕಕ್ಕೆ ಬೂಸ್ಟು. ಹಿಟ್ಟು ಉಳಿಯುತ್ತದೆಯೇ? ಅಟ್ಟದ ಬೆಲೆ ಗೊತ್ತಾಗುವುದು ಆಗ. ಕಾಳನ್ನು ಅಲ್ಲಿ ಬೆಚ್ಚಗಿಟ್ಟು, ಒಂದು ವಾರಕ್ಕೆ ಬೇಕಾದಷ್ಟನ್ನು ಮಾತ್ರ ಪುಡಿ ಮಾಡಿಕೊಳ್ಳಬೇಕು. ಡಬ್ಬಿಗೆ ಒದ್ದೆ ಚಮಚ ತಾಗಬಾರದು. ಕಲಸಿದ್ದನ್ನು ನಾಳೆಗೆ ಎತ್ತಿಡುವುದಂತೂ ಕೂಡದು. ಅಂಗಡಿಯ ಫೇಸ್‌ವಾಶ್ ತಿಂಗಳುಗಟ್ಟಲೆ ಕೆಡದಿರುವುದು ಅದರಲ್ಲಿರುವ ಸಂರಕ್ಷಕಗಳಿಂದ. ಮನೆಯದಕ್ಕೆ ಅದಿಲ್ಲ, ನೀರು ಬಿದ್ದ ಹಿಟ್ಟಿನಲ್ಲಿ ಬೂಸ್ಟು, ಬ್ಯಾಕ್ಟೀರಿಯಾ ಬೆಳೆಯಲು ಹೆಚ್ಚು ಹೊತ್ತು ಬೇಕಿಲ್ಲ. ಉಳಿದದ್ದನ್ನು ಕಲಗಚ್ಚಿಗೆ ಸುರಿದರೆ ದನ ಕುಡಿಯುತ್ತದೆ.

ಬೆಳಿಗ್ಗೆ ಒಂದು ಸಲ, ತೋಟದಿಂದ ಬಂದ ಮೇಲೆ ಒಂದು ಸಲ, ದಿನಕ್ಕೆ ಎರಡೇ ಸಲ ತೊಳೆಯಿರಿ. ಹತ್ತಿಯ ಟವೆಲ್ಲಿನಲ್ಲಿ ಒತ್ತಿ ಒರೆಸಿ. ತಲೆಗೆ ಕಟ್ಟುವ ಬಟ್ಟೆಯನ್ನು ದಿನಾ ಒಗೆದು ಸಡಿಲವಾಗಿ ಕಟ್ಟಿ. ಮೊಡವೆ ಹಿಚುಕಬೇಡಿ. ಹೆಸರುಹಿಟ್ಟು ಮುಖವನ್ನು ಹಿತವಾಗಿ ತೊಳೆಯುತ್ತದೆ, ಅದರಾಚೆಗೆ ಅದು ಔಷಧಿಯಲ್ಲ. ಚರ್ಮದಡಿ ನೋವಿನ ಗಂಟು ಕಟ್ಟುತ್ತಿದ್ದರೆ, ಕುಳಿ ಬೀಳುತ್ತಿದ್ದರೆ, ಆರೆಂಟು ವಾರ ಹಿತವಾಗಿ ತೊಳೆದರೂ ಕಡಿಮೆಯಾಗದಿದ್ದರೆ ಚರ್ಮರೋಗ ತಜ್ಞರಿಗೆ ತೋರಿಸಿ. ಯಾರೋ ಹೇಳಿದರೆಂದು ಬಿಳಿಯಾಗುವ ಕ್ರೀಮು ತಂದು ಹಚ್ಚಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಮೊಡವೆ ಇನ್ನೂ ಕೆರಳುತ್ತದೆ, ಚರ್ಮ ತೆಳುವಾಗುತ್ತದೆ. ಮೊಡವೆಗೆ ಒಳ್ಳೆಯ ಚಿಕಿತ್ಸೆ ಇದೆ. ಕಲೆ, ಕುಳಿ ಉಳಿದ ಮೇಲೆ ಅಳಿಸುವುದು ಕಷ್ಟ. ಮನೆಯಲ್ಲಿ ಹರೆಯದ ಮಕ್ಕಳಿದ್ದರೆ ಅದಕ್ಕೂ ಮೊದಲೇ ಕರೆದುಕೊಂಡು ಹೋಗಿ.