ಪಠ್ಯದಲ್ಲಿ ಎಲ್ಲಿಯಾದರೂ ಬರಬಹುದಾದ ಘಟಕ

ಮುದ್ರಿತ ಪಠ್ಯವನ್ನು ಗಣಕಕ್ಕೆ ಅಳವಡಿಸುವಾಗ ಅದರ ಭಾಗಗಳನ್ನು ಗುರುತಿಸಲು ಎಕ್ಸ್‌ಎಮ್‌ಎಲ್ ಎಂಬ ಭಾಷೆಯನ್ನು ಬಳಸುವುದುಂಟು. ಪಾಠ, ಪದ್ಯ, ಕೋಷ್ಟಕ ಮೊದಲಾದವು ಇಲ್ಲಿ ‘ಘಟಕ’ಗಳು. ಯಾವ ಘಟಕದೊಳಗೆ ಯಾವುದು, ಯಾವ ಕ್ರಮದಲ್ಲಿ ಬರಬೇಕೆಂಬ ನಿಯಮಾವಳಿಯೇ ಸ್ಕೀಮಾ.

ಪುಟದ ಕೊನೆಯು ಈ ಕ್ರಮಕ್ಕೆ ಒಳಪಡುವುದಿಲ್ಲ. ಅದು ಪದ್ಯದ ನಡುವೆ, ಕೋಷ್ಟಕದ ನಡುವೆ, ಒಂದು ಪದದ ನಡುವೆಯೂ ಬರಬಹುದು. ಸ್ಕೀಮಾ ಅದಕ್ಕೆ ಅವಕಾಶ ನೀಡದಿದ್ದರೆ ಬೆರಳಚ್ಚು ಮಾಡುವವರು ಪುಟಸಂಖ್ಯೆಯನ್ನು ಕೈಬಿಡಬೇಕಾಗುತ್ತದೆ, ಇಲ್ಲವೇ ಅದರ ಸ್ಥಳವನ್ನು ಬದಲಿಸಬೇಕಾಗುತ್ತದೆ. ಆಗ “42ನೆಯ ಪುಟ ತೆರೆಯಿರಿ” ಎಂದರೆ, ಪುಸ್ತಕ ಹಿಡಿದ ವಿದ್ಯಾರ್ಥಿ ಒಂದು ಸಾಲಿನಲ್ಲಿ, ಪರದೆ ನೋಡುವ ವಿದ್ಯಾರ್ಥಿ ಇನ್ನೊಂದು ಸಾಲಿನಲ್ಲಿ ಇರುತ್ತಾರೆ.

ಹಿಂದಿನ ಎಸ್‌ಜಿಎಮ್‌ಎಲ್ ಭಾಷೆಯಲ್ಲಿ ಇದಕ್ಕೆ ಸುಲಭವಾದ ಉಪಾಯವಿತ್ತು. ಒಂದು ಘಟಕದೊಳಗೆ ಎಷ್ಟೇ ಆಳದಲ್ಲಿಯಾದರೂ ಇನ್ನೊಂದು ಬರಬಹುದೆಂದು ಒಮ್ಮೆ ಹೇಳಿದರೆ ಸಾಕಾಗಿತ್ತು. 1998ರ ಎಕ್ಸ್‌ಎಮ್‌ಎಲ್ ಆ ಸೌಲಭ್ಯವನ್ನು ಉಳಿಸಿಕೊಳ್ಳಲಿಲ್ಲ. ಆದ್ದರಿಂದ ಇಂತಹ ಘಟಕಗಳಿಗೆ ಒಂದು ಗುಂಪಿನ ಹೆಸರಿಟ್ಟು, ಆ ಗುಂಪನ್ನು ಉಳಿದ ಘಟಕಗಳ ನಿಯಮಗಳಲ್ಲಿ ಸೇರಿಸುವುದು ರೂಢಿ. ಪಠ್ಯಗಳಿಗಾಗಿಯೇ ರೂಪುಗೊಂಡ ಟಿಇಐ ಮಾರ್ಗಸೂಚಿಯಲ್ಲಿ ‘ಮಾಡೆಲ್ ಗ್ಲೋಬಲ್’ ಎಂಬ ವರ್ಗವಿದೆ. ಪುಟವಿರಾಮವನ್ನು ಸೂಚಿಸುವ ‘ಪಿಬಿ’ ಮತ್ತು ಟಿಪ್ಪಣಿ ಇವೆರಡೂ ಅದರಲ್ಲಿ ಸೇರಿವೆ. ನೆರೆಭಾಷೆಯ ಪದಕ್ಕೆ ಅರ್ಥ ನೀಡುವ ಟಿಪ್ಪಣಿಯನ್ನು ಆ ಪದದ ಬಳಿಯಲ್ಲಿಯೇ ಇಡಲು ಇದರಿಂದ ಸಾಧ್ಯ. 2012ರ ಎಕ್ಸ್‌ಎಮ್‌ಎಲ್ ಸ್ಕೀಮಾ 1.1 ಆವೃತ್ತಿಯ ‘ಡಿಫಾಲ್ಟ್ ಓಪನ್ ಕಂಟೆಂಟ್’ ಇನ್ನೊಂದು ಮಾರ್ಗ.

ಈ ಗುಂಪು ಕಿರಿದಾಗಿರಬೇಕು. ಶೀರ್ಷಿಕೆಗೂ ಎಲ್ಲೆಡೆ ಪ್ರವೇಶ ನೀಡಿದರೆ, ತಪ್ಪಾದ ಸ್ಥಳದಲ್ಲಿ ಬಿದ್ದ ಶೀರ್ಷಿಕೆಯನ್ನು ಸ್ಕೀಮಾ ಗುರುತಿಸಲಾರದು.