ಅಲ್ಪ ವೆಚ್ಚದಲ್ಲಿ ಜೀವಶಾಸ್ತ್ರದ ಪದವಿ

ಜೀವಶಾಸ್ತ್ರವನ್ನು ಓದಬಯಸುವ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಮನೆಯ ಬಡತನವನ್ನು ನೆನೆದು ಆ ಆಸೆಯನ್ನು ಮೊದಲೇ ಕೈಬಿಡುವುದುಂಟು. ವೈದ್ಯಕೀಯ ಶಿಕ್ಷಣದ ಭಾರೀ ಶುಲ್ಕದ ಮಾತನ್ನು ಕೇಳಿ, ಜೀವಶಾಸ್ತ್ರವೆಲ್ಲವೂ ಸಿರಿವಂತರ ಸೊತ್ತೆಂದು ಅವರು ಭಾವಿಸುತ್ತಾರೆ. ಈ ಭಾವನೆ ಸರಿಯಲ್ಲ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳಲ್ಲಿ ಬಿ.ಎಸ್‌ಸಿ. ಪದವಿಯನ್ನು ಸಾಧಾರಣ ಸಂಸಾರದ ಮಕ್ಕಳೂ ಪಡೆಯಬಹುದು. ಆದರೆ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು.

ಮಹಾರಾಷ್ಟ್ರದ ಚಿಕಲಠಾಣಾವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕಾರ್ಖಾನೆಗಳೂ ವಿಮಾನ ನಿಲ್ದಾಣವೂ ಇರುವ ಈ ಸ್ಥಳವು ಹಿಂದೆ ಔರಂಗಾಬಾದೆನಿಸಿದ್ದ ಛತ್ರಪತಿ ಸಂಭಾಜಿನಗರದ ಪೂರ್ವಭಾಗದಲ್ಲಿದೆ. ನಮ್ಮ ಕಲಬುರ್ಗಿ, ಬೀದರ, ರಾಯಚೂರುಗಳಂತೆ ಆ ನಗರವೂ ೧೯೫೬ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಉನ್ನತ ವಿದ್ಯೆಗೆ ಜನರು ದೂರದ ಹೈದರಾಬಾದಿನತ್ತ ನೋಡಬೇಕಾಗಿತ್ತು. ಡಾ. ಅಂಬೇಡ್ಕರರ ಪೀಪಲ್ಸ್ ಎಜುಕೇಷನ್ ಸೊಸೈಟಿಯು ೧೯೫೦ರಲ್ಲಿ ಅಲ್ಲಿ ಕಾಲೇಜನ್ನು ತೆರೆಯಿತು. ೧೯೫೮ರಲ್ಲಿ ಮರಾಠವಾಡಾ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ೧೯೯೪ರಲ್ಲಿ ಅದಕ್ಕೆ ಅಂಬೇಡ್ಕರರ ಹೆಸರು ಸೇರಿತು. ಇಂದು ಚಿಕಲಠಾಣಾದ ಕಾರ್ಮಿಕನ ಮಗಳು ಮನೆಯಲ್ಲಿಯೇ ಉಂಡು, ಮಿಲಿಂದ ವಿಜ್ಞಾನ ಮಹಾವಿದ್ಯಾಲಯಕ್ಕೋ ಸರ್ಕಾರಿ ವಿಜ್ಞಾನ ಸಂಸ್ಥೆಗೋ ಹೋಗಿಬರಬಹುದು.

ಮನೆಯೂಟದ ಬೆಲೆಯನ್ನು ನಾವು ಸಾಮಾನ್ಯವಾಗಿ ಎಣಿಸುವುದಿಲ್ಲ. ಹತ್ತಿರದ ಕಾಲೇಜಿನ ವಾರ್ಷಿಕ ಶುಲ್ಕ ೧೦,೦೦೦ ರೂಪಾಯಿ, ಬಸ್ಸಿನ ಖರ್ಚು ೬,೦೦೦ ರೂಪಾಯಿ ಎಂದಿಟ್ಟುಕೊಳ್ಳೋಣ, ಒಟ್ಟು ೧೬,೦೦೦. ದೂರದೂರಿನಲ್ಲಿ ಶುಲ್ಕ ೬,೦೦೦ವೇ ಇರಲಿ. ಊಟ ವಸತಿಗಳಿಗೆ ತಿಂಗಳಿಗೆ ೫,೦೦೦ದಂತೆ ಹತ್ತು ತಿಂಗಳಿಗೆ ೫೦,೦೦೦ ಸೇರಿ ೫೬,೦೦೦ ಆಗುತ್ತದೆ. ಮೂರು ವರ್ಷಗಳಲ್ಲಿ ಅಂತರವು ೧,೨೦,೦೦೦ ರೂಪಾಯಿ! ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಕಾಲೇಜಿಗೂ ಸಲ್ಲುತ್ತದೆ.

ಎರಡನೆಯದಾಗಿ, ಒಂದೇ ಕಾಲೇಜಿನೊಳಗೂ ಶುಲ್ಕವು ಒಂದೇ ಆಗಿರುವುದಿಲ್ಲ. ಸರ್ಕಾರದ ಅನುದಾನವಿರುವ ವಿಭಾಗಗಳಲ್ಲಿ ಅಧ್ಯಾಪಕರ ವೇತನವನ್ನು ಸರ್ಕಾರವೇ ಭರಿಸುವುದರಿಂದ ಶುಲ್ಕ ಕಡಿಮೆ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳು ಅನೇಕ ಕಡೆ ಇಂಥವು. ಜೈವಿಕ ತಂತ್ರಜ್ಞಾನದಂಥ ಹೊಸ ವಿಷಯಗಳು ಹಲವೆಡೆ ಅನುದಾನರಹಿತವಾಗಿದ್ದು, ಅವುಗಳ ಶುಲ್ಕ ಹೆಚ್ಚು. ಆದುದರಿಂದ ಕಾಲೇಜಿನ ಹೆಸರನ್ನಷ್ಟೇ ವಿಚಾರಿಸದೆ, ವಿಭಾಗವು ಅನುದಾನಿತವೆ ಎಂದೂ ಪ್ರಯೋಗಶಾಲೆಯ ಶುಲ್ಕ ಬೇರೆಯೆ ಎಂದೂ ಕೇಳಬೇಕು.

ಮೂರನೆಯದು ವಿದ್ಯಾರ್ಥಿವೇತನ. ಮಹಾರಾಷ್ಟ್ರದಲ್ಲಿ ಮಹಾಡಿಬಿಟಿ, ಕರ್ನಾಟಕದಲ್ಲಿ ಎಸ್.ಎಸ್.ಪಿ. ಎಂಬ ಸರ್ಕಾರಿ ಜಾಲತಾಣಗಳ ಮೂಲಕ ಅರ್ಜಿ ಸಲ್ಲಿಸಬೇಕು. ಆದಾಯ, ಜಾತಿ, ವಾಸಸ್ಥಳಗಳ ಪ್ರಮಾಣಪತ್ರಗಳನ್ನು ಹನ್ನೆರಡನೆಯ ತರಗತಿಯಲ್ಲಿರುವಾಗಲೇ ಸಿದ್ಧಪಡಿಸಿಕೊಳ್ಳುವುದು ಜಾಣತನ. ಯೋಗ್ಯತೆಯಿದ್ದೂ ಕಾಗದವಿಲ್ಲದೆ ನೆರವನ್ನು ಕಳೆದುಕೊಳ್ಳುವುದು ದುಃಖಕರ.

ದುಡಿಯುತ್ತ ಓದುವವರಿಗೆ ಮುಕ್ತ ವಿಶ್ವವಿದ್ಯಾಲಯಗಳಿವೆ. ನಾಸಿಕದ ಯಶವಂತರಾವ್ ಚವ್ಹಾಣ ವಿಶ್ವವಿದ್ಯಾಲಯವು ೧೯೮೯ರಲ್ಲಿ ಸ್ಥಾಪಿತವಾದುದು. ಆದರೆ ಜೀವಶಾಸ್ತ್ರವು ಪುಸ್ತಕದಿಂದಲೇ ಬರತಕ್ಕ ವಿದ್ಯೆಯಲ್ಲ. ಸೂಕ್ಷ್ಮದರ್ಶಕದಲ್ಲಿ ಜೀವಕೋಶವನ್ನು ಕಣ್ಣಾರೆ ಕಾಣಬೇಕು. ಸೇರುವ ಮೊದಲು, ಪ್ರಯೋಗಗಳು ಎಲ್ಲಿ ನಡೆಯುತ್ತವೆಂದು ತಿಳಿಯಬೇಕು. ಪ್ರಯೋಗವಿಲ್ಲದ ಅಗ್ಗದ ಪದವಿ ನಿಜವಾಗಿ ದುಬಾರಿಯೇ.

ಕನ್ನಡದಲ್ಲಿ ಕಲಿತೆವೆಂಬ ಅಳುಕೂ ಬೇಡ. ನಾವು ಬೇವೆನ್ನುವ ಮರವನ್ನು ಮರಾಠಿಯವರು ಕಡುಲಿಂಬವೆನ್ನುತ್ತಾರೆ. ಶಾಸ್ತ್ರದಲ್ಲಿ ಅದು ಎಲ್ಲರಿಗೂ ಅಜಾಡಿರಕ್ಟ ಇಂಡಿಕಾ. ಆ ಹೆಸರನ್ನು ಇಬ್ಬರೂ ಹೊಸದಾಗಿಯೇ ಕಲಿಯಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಿಜ. ಆದರೆ ಹಾಸಿಗೆ ಎಷ್ಟು ಉದ್ದವಿದೆಯೆಂದು ಅಳೆದುನೋಡದೆಯೇ ಕಾಲು ಮಡಿಸಿ ಮಲಗುವುದು ವಿವೇಕವಲ್ಲ.