ವಿದೇಶದಲ್ಲಿ ಎಂಬಿಬಿಎಸ್ : ಜಮೀನಿನ ಪತ್ರ ತೆಗೆಯುವ ಮುನ್ನ ಓದಿ

ಹೊಸೂರು : ನೀಟ್ ಫಲಿತಾಂಶ ಬಂತೆಂದರೆ ಸಾಕು, ಮಕ್ಕಳನ್ನು ಡಾಕ್ಟರ್ ಮಾಡುವ ಆಸೆಯಿರುವ ಅಪ್ಪ-ಅಮ್ಮಂದಿರ ಫೋನು ಬಡಿದುಕೊಳ್ಳಲು ಶುರು. ‘ನಿಮ್ಮ ಮಗಳಿಗೆ ಇಲ್ಲಿ ಸರ್ಕಾರಿ ಸೀಟು ಸಿಗೋದಿಲ್ಲ ಸಾರ್, ಹೊರದೇಶಕ್ಕೆ ಕಳಿಸಿ, ಆರು ವರ್ಷದಲ್ಲಿ ಡಾಕ್ಟರ್ ಆಗಿ ಬರ್ತಾಳೆ’ ಅನ್ನುತ್ತಾನೆ ಏಜೆಂಟ್. ಇಲ್ಲಿನ ಖಾಸಗಿ ಕಾಲೇಜಿನ ಫೀಸು ಕೇಳಿ ಬೆಚ್ಚಿದವರಿಗೆ ಆ ಮಾತು ಸಿಹಿಯಾಗಿಯೇ ಕೇಳಿಸುತ್ತದೆ. ತಳಿಯಲ್ಲೋ ಬಾಗಲೂರಿನಲ್ಲೋ ಇರುವ ಎರಡೆಕರೆ ಜಮೀನಿನ ಪತ್ರ ಪೆಟ್ಟಿಗೆಯಿಂದ ಹೊರಬರುತ್ತದೆ.

ಪತ್ರ ಬ್ಯಾಂಕಿಗೆ ಹೋಗುವ ಮುನ್ನ ಒಂದು ಮಾತು ನೆನಪಿರಲಿ. ಹೊರದೇಶದ ಕಾಲೇಜು ಕೊಡುವುದು ಪದವಿ ಮಾತ್ರ. ಊರಿಗೆ ಬಂದು ರೋಗಿಯ ನಾಡಿ ಹಿಡಿಯಲು ಬೇಕಾದದ್ದು ಲೈಸೆನ್ಸ್. ಅದನ್ನು ಕೊಡುವ ನಿಯಮ ನಮ್ಮ ದೇಶದ್ದು.

ಮೊದಲು ಮನೆ ಹತ್ತಿರದ ಬಾಗಿಲು

2022ರ ಜನವರಿಯಲ್ಲಿ ತಮಿಳುನಾಡಿನಲ್ಲಿ ಒಟ್ಟಿಗೆ 11 ಸರ್ಕಾರಿ ಮೆಡಿಕಲ್ ಕಾಲೇಜುಗಳು ಉದ್ಘಾಟನೆಯಾದವು. ಅವುಗಳಲ್ಲಿ 150 ಸೀಟುಗಳ ಕೃಷ್ಣಗಿರಿ ಕಾಲೇಜೂ ಒಂದು. ರಾಜ್ಯದ 2020ರ ಕಾನೂನಿನಂತೆ, 6ರಿಂದ 12ನೇ ತರಗತಿವರೆಗೆ ಅಲ್ಲಿನ ಸರ್ಕಾರಿ ಶಾಲೆಯಲ್ಲೇ ಓದಿ ನೀಟ್ ಪಾಸಾದವರಿಗೆ ಶೇ. 7.5ರಷ್ಟು ಸೀಟು ಮೀಸಲು.

ಗಡಿಯ ಮನೆಗಳು ಎಡವುವುದು ಇಲ್ಲೇ. ಹತ್ತನೇ ತರಗತಿ ಮುಗಿದ ಮೇಲೆ ‘ಪಿಯುಸಿ ಆನೇಕಲ್‌ನಲ್ಲಿ ಓದಲಿ’ ಎಂದು ಮಗುವನ್ನು ಆಚೆ ಸೇರಿಸಿದರೆ ಈ ಮೀಸಲು ಕೈತಪ್ಪುತ್ತದೆ. ಇನ್ನೊಂದು ವಿಷಯ: ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಆದರೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ತಮಿಳುನಾಡಿನ ಕೇಂದ್ರ ಆರಿಸಿದವರಿಗೆ ಸಿಗುವ ಪ್ರಾದೇಶಿಕ ಭಾಷೆ ತಮಿಳು. ಅರ್ಜಿ ತುಂಬುವಾಗಲೇ ಇದನ್ನು ನೋಡಿಕೊಳ್ಳಬೇಕು.

ಹೋಗುವುದೇ ಆದರೆ...

‘ನೀಟ್ ಬೇಕಾಗಿಲ್ಲ’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಹೊರದೇಶದಲ್ಲಿ ಓದಿ ಇಲ್ಲಿ ವೈದ್ಯರಾಗಲು ಬಯಸುವವರಿಗೆ 2018ರಿಂದ ನೀಟ್ ಪಾಸು ಕಡ್ಡಾಯ. ಜೊತೆಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ನವೆಂಬರಿನಲ್ಲಿ ಹೊರಡಿಸಿದ ನಿಯಮಗಳಿವೆ. ಕಾಲೇಜು ಎಷ್ಟೇ ದೊಡ್ಡದಾಗಿರಲಿ, ಈ ನಾಲ್ಕನ್ನು ಕೇಳಲೇಬೇಕು.

ಒಂದು, ಕೋರ್ಸು ಕನಿಷ್ಠ 54 ತಿಂಗಳು ಇದೆಯೇ? ಎರಡು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಇದೆಯೇ? ಮೂರು, ಪಾಠ ಇಂಗ್ಲಿಷಿನಲ್ಲೇ ನಡೆಯುತ್ತದೆಯೇ? ನಾಲ್ಕು, ಆ ಪದವಿ ಪಡೆದವರಿಗೆ ಆ ದೇಶದಲ್ಲಿ ಅಲ್ಲಿನ ಪ್ರಜೆಗಳಂತೆಯೇ ವೈದ್ಯರಾಗಿ ಕೆಲಸ ಮಾಡುವ ಲೈಸೆನ್ಸ್ ಸಿಗುತ್ತದೆಯೇ? ಒಂದಕ್ಕೆ ‘ಇಲ್ಲ’ ಎಂದಾದರೂ ಪದವಿ ಇಲ್ಲಿ ನಡೆಯುವುದಿಲ್ಲ. ಸೇರಿದ ದಿನದಿಂದ 10 ವರ್ಷದೊಳಗೆ ಓದು, ಇಂಟರ್ನ್‌ಶಿಪ್ ಎಲ್ಲ ಮುಗಿಯಬೇಕು ಎಂಬ ನಿಯಮವೂ ಇದೆ.

ಪಾಠ ಇಂಗ್ಲಿಷಿನಲ್ಲಿದ್ದರೂ ಆಸ್ಪತ್ರೆಯ ರೋಗಿ ಮಾತಾಡುವುದು ಅವನ ಭಾಷೆಯಲ್ಲೇ. ಕನ್ನಡ, ತಮಿಳು, ತೆಲುಗು ಮೂರೂ ಬೆರೆಸಿ ನೋವು ಹೇಳಿಕೊಳ್ಳುವ ಸೀಮೆಯ ಜನರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಷ್ಯಾಕ್ಕೆ ಹೋದವರು ರಷ್ಯನ್ ಕಲಿಯದೆ ರೋಗಿಯ ಹತ್ತಿರ ಏನನ್ನೂ ಕಲಿಯಲಾರರು.

ವಾಪಸ್ ಬಂದ ಮೇಲೆ

ಏಜೆಂಟರು ಮೆಲ್ಲನೆ ಹೇಳುವ, ಅಥವಾ ಹೇಳದೇ ಬಿಡುವ ಭಾಗ ಇದು. ಮರಳಿ ಬಂದವರು ಎಫ್‌ಎಂಜಿಇ ಎಂಬ ಪರೀಕ್ಷೆ ಪಾಸಾಗಬೇಕು. 300 ಪ್ರಶ್ನೆ, ಪಾಸಾಗಲು 150 ಅಂಕ. 2002ರಲ್ಲಿ ಶುರುವಾದ ಈ ಪರೀಕ್ಷೆ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಇತ್ತೀಚಿನ ವರ್ಷಗಳಲ್ಲಿ ಬರೆದ ಹತ್ತು ಮಂದಿಯಲ್ಲಿ ಏಳು ಮಂದಿಗೂ ಹೆಚ್ಚು ಫೇಲಾಗಿದ್ದಾರೆ. ಪಾಸಾದ ಮೇಲೂ ಇಲ್ಲಿ ಮತ್ತೆ 12 ತಿಂಗಳ ಇಂಟರ್ನ್‌ಶಿಪ್. ಅಂದರೆ ಏಜೆಂಟ್ ಹೇಳಿದ ಆರು ವರ್ಷ ಏಳೂ ಆಗಬಹುದು, ಒಂಬತ್ತೂ ಆಗಬಹುದು. ಅಷ್ಟೂ ದಿನ ಸಾಲದ ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿ ಅಡವು ಕೇಳುತ್ತದೆ.

ಖಾರ್ಕಿವ್ ಕಲಿಸಿದ ಪಾಠ

2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ರಷ್ಯಾದ ದಾಳಿಗೆ ಬಲಿಯಾದ. ಆತ ಆಹಾರ ತರಲೆಂದು ಹೊರಗೆ ಬಂದಿದ್ದ. ಮೂರು ವಾರದ ನಂತರ ಊರಿಗೆ ಬಂದ ಮಗನ ದೇಹವನ್ನು ಹೆತ್ತವರು ದಾವಣಗೆರೆಯ ಮೆಡಿಕಲ್ ಕಾಲೇಜಿಗೆ ದಾನ ಮಾಡಿದರು. ಕನ್ನಡನಾಡು ಅದನ್ನು ಮರೆತಿಲ್ಲ.

‘ಆಪರೇಷನ್ ಗಂಗಾ’ದಲ್ಲಿ ಸಾವಿರಾರು ವಿದ್ಯಾರ್ಥಿಗಳು ಜೀವ ಉಳಿಸಿಕೊಂಡು ಬಂದರೂ ಓದು ನಡುದಾರಿಯಲ್ಲಿ ನಿಂತಿತು. ಇಲ್ಲಿನ ಕಾಲೇಜುಗಳಿಗೆ ಸೇರಿಸಿಕೊಳ್ಳಿ ಎಂಬ ಅವರ ಬೇಡಿಕೆಗೆ ಕೇಂದ್ರ ಒಪ್ಪಲಿಲ್ಲ. ಬೇರೆ ದೇಶದ ಕಾಲೇಜಿನಲ್ಲಿ ಓದು ಮುಂದುವರಿಸಲು ಅನುಮತಿ ಸಿಕ್ಕಿತು. ಅದಕ್ಕೂ ಮೊದಲು ಕೊರೊನಾದಿಂದ ಚೀನಾ ಬಾಗಿಲು ಮುಚ್ಚಿದಾಗ, ಬರೀ ಆನ್‌ಲೈನ್ ಪಾಠದ ಪದವಿಯನ್ನು ಒಪ್ಪುವುದಿಲ್ಲ ಎಂದು ಆಯೋಗ ಹೇಳಿತ್ತು. ಯುದ್ಧ, ರೋಗ ಹೇಳಿ ಬರುವುದಿಲ್ಲ. ಆದರೆ ಹೋಗುವ ದೇಶದ ಪರಿಸ್ಥಿತಿ ಹೇಗಿದೆ ಎಂದು ಮೊದಲೇ ವಿಚಾರಿಸುವುದು ನಮ್ಮ ಕೈಯಲ್ಲೇ ಇದೆ.

ಇಲ್ಲಿ ಓದಿ ಅಲ್ಲಿಗೆ ಹೋಗುವ ದಾರಿ

ಹೊರದೇಶದ ಆಸೆಯೇ ತಪ್ಪೆಂದಲ್ಲ. ಎಂಬಿಬಿಎಸ್ ಇಲ್ಲೇ ಮುಗಿಸಿ ಹೋಗುವ ದಾರಿಯೂ ಇದೆ. ಭಾರತದ ವೈದ್ಯಕೀಯ ಆಯೋಗಕ್ಕೆ 2023ರಲ್ಲಿ ವಿಶ್ವ ವೈದ್ಯಕೀಯ ಶಿಕ್ಷಣ ಒಕ್ಕೂಟದ ಮಾನ್ಯತೆ 10 ವರ್ಷಕ್ಕೆ ಸಿಕ್ಕಿದೆ. ಹೀಗಾಗಿ ಇಲ್ಲಿ ಓದಿದವರು ಅಮೆರಿಕದ ಯುಎಸ್‌ಎಂಎಲ್‌ಇಯಂಥ ಪರೀಕ್ಷೆ ಬರೆಯಲು ದಾರಿ ಸುಗಮ. ಊರಿನ ಡೆಂಗಿ, ಕ್ಷಯ, ರಕ್ತಹೀನತೆಯಂಥ ಸಮಸ್ಯೆಗಳ ಬಗ್ಗೆ ಆಸಕ್ತಿಯಿದ್ದವರು ಸಾರ್ವಜನಿಕ ಆರೋಗ್ಯದಲ್ಲಿ ಒಂದು ವರ್ಷದ ಮಾಸ್ಟರ್ಸ್ ಮಾಡಬಹುದು. 1899ರಲ್ಲಿ ಶುರುವಾದ ಲಂಡನ್ನಿನ ಉಷ್ಣವಲಯ ರೋಗಗಳ ಶಾಲೆ ಇದಕ್ಕೆ ಹೆಸರುವಾಸಿ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಇಂಥ ಓದಿಗೂ ಸಿಗುತ್ತದೆ. ಅದಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು, ಓದು ಮುಗಿದ ಮೇಲೆ ತಾಯ್ನಾಡಿಗೆ ಮರಳಬೇಕು.

ಮುಂದಿನ ಸಲ ಏಜೆಂಟ್ ಫೋನ್ ಮಾಡಿದಾಗ ಮೇಲಿನ ನಾಲ್ಕು ಪ್ರಶ್ನೆಗೆ ಉತ್ತರ ಬರೆದು ಕೊಡಲು ಹೇಳಿ. ಆತ ಬರೆದು ಕೊಟ್ಟರೆ ಅದನ್ನು ಆಯೋಗದ ನಿಯಮದ ಜೊತೆ ಇಟ್ಟು ನೋಡಿ. ಮಾತು ತೇಲಿಸಿದರೆ ಜಮೀನಿನ ಪತ್ರವನ್ನು ಮತ್ತೆ ಪೆಟ್ಟಿಗೆಯೊಳಗೆ ಇಟ್ಟುಬಿಡಿ.